ಉದ್ಘಾಟಕರ ಮೊದಲ ರೈಡ್

ಜಿಲ್ಲಾ ಕ್ರೀಡಾ ಸಮಿತಿಗೆ ಸರ್ಕಾರದ ಅನುದಾನ ಬಂತು. ಅಧ್ಯಕ್ಷ ಸೋಮಶೇಖರಯ್ಯನವರು ಟೆನಿಸ್ ಆಡುವವರು. "ಅಷ್ಟೂ ಟೆನಿಸ್ಸಿಗೆ ಬರೀರಿ. ಕಬಡ್ಡಿಗೆ ನೆಲ ಇದ್ದರೆ ಸಾಕು, ಮ್ಯಾಟ್ ಯಾಕೆ?" ಅಂದರು.

ಗುಮಾಸ್ತ ಹಾಲೇಶಪ್ಪ ಕಬಡ್ಡಿಗೆ ಮ್ಯಾಟ್ ಕೇಳಿದ್ದ ಫೈಲನ್ನು ಮುಚ್ಚಿ ಎತ್ತಿಟ್ಟ. ಭಾನುವಾರದ ಕಬಡ್ಡಿ ಪಂದ್ಯದ ಉದ್ಘಾಟನೆಗೆ ಅವರನ್ನೇ ಕರೆದ.

ಅಲ್ಲಿ ಉದ್ಘಾಟಕರೇ ಮೊದಲ ರೈಡ್ ಹೋಗುವುದು, ಆಟಗಾರರು ಅವರನ್ನು ಹಿಡಿದು ಕೆಡವುವುದು ವಾಡಿಕೆ. ಅಧ್ಯಕ್ಷರು ಬಿಳಿ ಪ್ಯಾಂಟು ಹಾಕಿಕೊಂಡು ಗೆರೆಯ ಬಳಿ ನಿಂತರು. ನೆಲದ ತುಂಬ ಚೂಪು ಕಲ್ಲು. ಎದುರಿಗೆ ಮೊಣಕಾಲು ತರಚಿಕೊಂಡ ಏಳು ಜನ ತೋಳು ಚಾಚಿ ಕಾಯುತ್ತಿದ್ದರು.

"ಸ್ವಲ್ಪ ಮೆಲ್ಲಗೆ ಕೆಡವೋಕೆ ಹೇಳ್ರೀ" ಅಂದರು ಅಧ್ಯಕ್ಷರು.

"ಹುಡುಗರಿಗೆ ಹೇಳಿದ್ದೀನಿ ಸಾರ್. ಕಲ್ಲಿಗೆ ಹೇಳೋಕಾಗಲ್ಲ."

ಅಧ್ಯಕ್ಷರು ನೆಲ ನೋಡಿದರು, ತಮ್ಮ ಬಿಳಿ ಪ್ಯಾಂಟು ನೋಡಿಕೊಂಡರು. "ಆ ಮ್ಯಾಟಿನ ಫೈಲು ಎಲ್ಲಿದೆ?"

ಹಾಲೇಶಪ್ಪ ಕಂಕುಳಿಂದ ತೆಗೆದು ಕೊಟ್ಟ. "ಪೆನ್ನೂ ತಂದಿದ್ದೀನಿ ಸಾರ್."