ಎಡೆಯ ಬಟ್ಟೆ

ಹೊಳೆದಂಡೆಯ ಆ ಆಶ್ರಮದಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಎಡೆಯ ಒಲೆ ಹಚ್ಚುವಂತಿರಲಿಲ್ಲ. ಇದು ಮಾಸ್ಕಿನ ಕಾಲಕ್ಕಿಂತ ಬಹಳ ಹಿಂದಿನ ರೂಢಿ.

ಆಶ್ರಮ ಕಟ್ಟಿದ ಮೂಲ ಅಜ್ಜ ಐಕ್ಯನಾದ ಜಾಗದಲ್ಲಿ ಒಂದು ಗದ್ದುಗೆ. ದಿನಾ ಮಧ್ಯಾಹ್ನ ಮೊದಲ ಅನ್ನ ಆ ಗದ್ದುಗೆಗೆ ಎಡೆಯಾಗಿ ಹೋಗಬೇಕು, ಜನರ ಪಂಗತಿ ಆಮೇಲೆ. ಎಡೆ ಮಾಡುವವನ ಉಸಿರು ಅನ್ನಕ್ಕೆ ತಾಗಬಾರದು. ಅದಕ್ಕೇ ಬಟ್ಟೆ.

ಎಡೆ ಮಾಡುವವನು ಕಲ್ಲಿನಾಥ, ಆಶ್ರಮದ ಈಗಿನ ಗುರು ಬೂದಯ್ಯಜ್ಜರ ಶಿಷ್ಯ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಬಟ್ಟೆ ಮರೆತವನಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ. ಹೇಳದೆ ಬಿಟ್ಟದ್ದು ಮಾತ್ರ ಅವನ ತಲೆಗೆ ಹೊಳೆಯುತ್ತಿರಲಿಲ್ಲ.

ರೋಗದ ಕಾಲ ಬಂದಾಗ ಎಲ್ಲರೂ ಮಾಸ್ಕ್ ಕಟ್ಟಬೇಕೆಂದು ಸರಕಾರದ ಹುಕುಂ ಬಂತು. ಕಲ್ಲಿನಾಥ ಕೋಲು ಹಿಡಿದು ಬಾಗಿಲಲ್ಲಿ ನಿಂತ. ಮಾಸ್ಕ್ ಮೂಗಿನ ಕೆಳಗೆ ಜಾರಿದ್ದರೂ ಒಳಗೆ ಬಿಡಲಿಲ್ಲ. ಟವೆಲ್ ಸುತ್ತಿಕೊಂಡು ಬಂದ ಮುದುಕನೊಬ್ಬನನ್ನು, "ಹುಕುಂದಾಗ ಮಾಸ್ಕ್ ಅಂತ ಐತಿ, ಟವೆಲ್ ಅಂತ ಇಲ್ಲ" ಎಂದು ಸುಡುಬಿಸಿಲಲ್ಲಿ ವಾಪಸು ಕಳಿಸಿದ.

ಆಗ ಆಶ್ರಮಕ್ಕೆ ಮಾಸ್ಕ್ ಹೊಲಿದುಕೊಟ್ಟವಳು ಫಕೀರವ್ವ. ಗಂಡ ಸತ್ತ ಮೇಲೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಬರುತ್ತಿದ್ದವಳು. ಹಳೆಯ ಧೋತರಗಳನ್ನು ಹರಿದು ಇನ್ನೂರು ಮಾಸ್ಕ್ ಹೊಲಿದಳು. "ನಿನ್ನ ಕೈ ಬಂಗಾರದ್ದವ್ವ" ಎಂದು ಕಲ್ಲಿನಾಥನೇ ಹೊಗಳಿದ್ದ.

ಹುಕುಂ ಹೋಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಒಂದೇ ವಾರದಲ್ಲಿ ಊರಿಗೂರೇ ಮುಖ ಬಿಚ್ಚಿಕೊಂಡು ತಿರುಗಿತು. ಫಕೀರವ್ವ ಹೊಲಿದ ಮಾಸ್ಕುಗಳು ಬಿಸಿ ಪಾತ್ರೆ ಇಳಿಸುವ ಕೈಬಟ್ಟೆಯಾದವು.

ಫಕೀರವ್ವ ಮಾತ್ರ ಬಿಚ್ಚಲಿಲ್ಲ.

ಅವಳಿಗೆ ಒಬ್ಬಳೇ ಮಗಳು, ಶಿವಲೀಲಾ. ಇಪ್ಪತ್ತೆರಡರ ಹುಡುಗಿ. ಎರಡೂ ಕಿಡ್ನಿ ಕೆಟ್ಟಾಗ ತಾಯಿ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡಿದ್ದಳು. ಕೊಟ್ಟ ಕಿಡ್ನಿಯನ್ನು ಮೈ ಒಪ್ಪಿಕೊಳ್ಳಲೆಂದು ಹುಡುಗಿ ದಿನಾ ಗುಳಿಗೆ ನುಂಗಬೇಕು. ಆ ಗುಳಿಗೆ ನುಂಗುವವರ ಮೈಗೆ ರೋಗದ ಜೊತೆ ಗುದ್ದಾಡುವ ಕಸುವು ಇರುವುದಿಲ್ಲವಂತೆ.

"ನಿಮಗೆ ನೆಗಡಿ ಆಗಿ ಹೋಗೋದು, ಆಕೆಯ ಜೀವಕ್ಕೇ ಬರಬಹುದು" ಎಂದು ಡಾಕ್ಟರು ಹೇಳಿದ್ದರು.

ಹುಡುಗಿ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ತಾಯಿ ದಾಟಲೇಬೇಕಿತ್ತು. ಇಬ್ಬರ ಊಟವೂ ಆಶ್ರಮದ ಒಲೆಯಿಂದಲೇ ಹೋಗಬೇಕು.

ಮೊದಮೊದಲು ಜನ ನಕ್ಕರು.

"ಫಕೀರವ್ವ, ಮಾರಿ ಸ್ವಲ್ಪ ತೋರಸವ್ವ. ಮೂಗು ಐತೋ ಇಲಿ ತಿಂದಾವೋ ನೋಡೂಣು."

ಅವಳೂ ನಗುತ್ತಿದ್ದಳು. ನಕ್ಕದ್ದು ಯಾರಿಗೂ ಕಾಣುತ್ತಿರಲಿಲ್ಲ.

ಬರುಬರುತ್ತ ನಗೆ ಸಿಟ್ಟಾಯಿತು. ಕೆಟ್ಟ ದಿನಗಳನ್ನು ಮರೆತು ಹಾಯಾಗಿರೋಣ ಎಂದರೆ ಇವಳೊಬ್ಬಳು ಎದುರು ಬಂದು ನೆನಪು ಮಾಡಿಕೊಡುತ್ತಾಳೆ. ಅವಳು ರೊಟ್ಟಿ ನೀಡಲು ಬಂದರೆ ಕೆಲವರು ತಾಟಿನ ಮೇಲೆ ಕೈ ಅಡ್ಡ ಹಿಡಿದರು. ರೋಗ ಇಲ್ಲದಿದ್ದರೆ ಯಾಕೆ ಮುಚ್ಚಿಕೊಳ್ಳುತ್ತಾಳೆ ಎಂದರು. ಇದೇ ಜನ ಎರಡು ವರ್ಷದ ಹಿಂದೆ ಮುಚ್ಚಿಕೊಳ್ಳದವನನ್ನು ಕಂಡರೆ ಕಲ್ಲು ಹುಡುಕುತ್ತಿದ್ದರು.

ದೂರು ಕಲ್ಲಿನಾಥನಿಗೆ ಬಂತು. ಅವನು ಅವಳನ್ನು ಕರೆಸಿದ.

"ರೋಗ ಹೋತು, ಹುಕುಂ ಹೋತು. ಇನ್ನ ಯಾಕ ಇದು?"

"ಹುಕುಂ ಐತಂತ ಕಟ್ಟಿದ್ದಿಲ್ಲರೀ ಅಪ್ಪಾರ. ಮಗಳ ಸಲುವಾಗಿ."

"ಅಜ್ಜಾರ ಕೃಪಾ ಇರೂತನಕ ನಿನ್ನ ಮಗಳಿಗೆ ಏನಾಕ್ಕೈತಿ? ಇಲ್ಲಿಗೆ ಬಂದೂ ಅಂಜಿಕಿ ಅಂದ್ರ ನಂಬಿಗಿ ಇಲ್ಲ ಅಂದಂಗಾತು."

"ನಂಬಿಗಿ ಐತ್ರೀ. ಅಂಜಿಕೀನೂ ಐತಿ. ಎರಡೂ ಇರಬಾರದೇನ್ರೀ?"

ಇಂಥದ್ದಕ್ಕೆಲ್ಲ ಕಲ್ಲಿನಾಥ ಗುರುಗಳ ಹತ್ತಿರ ಹೋಗುತ್ತಿದ್ದ.

ಬೂದಯ್ಯಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟಿದ್ದರು. ಎಂಬತ್ತು ದಾಟಿದ ಜೀವ. ಅವರ ಮಾತೆಂದರೆ ಒಗಟು. ಆ ಒಗಟು ಕೇಳಲೆಂದೇ ದೂರದೂರದಿಂದ ಜನ ಬರುತ್ತಿದ್ದರು. ತಿಳಿದವರು ತಲೆದೂಗುತ್ತಿದ್ದರು, ತಿಳಿಯದವರು ಇನ್ನೂ ಜೋರಾಗಿ ತಲೆದೂಗುತ್ತಿದ್ದರು.

"ಅಜ್ಜಾರ, ಫಕೀರವ್ವ ಮಾಸ್ಕ್ ಬಿಚ್ಚವಲ್ಲಳು. ಮಂದಿ ಮಾತಾಡಾಕತ್ತಾರ. ಏನು ಮಾಡಲಿ?"

ಅಜ್ಜ ತಿರುಗಿ ಕೇಳಿದರು.

"ಎಡಿ ಮಾಡುವಾಗ ನೀ ಬಾಯಿಗೆ ಅರಿವಿ ಯಾಕ ಕಟ್ಟತಿ?"

"ನನ್ನ ಉಸಿರು ತಾಗಬಾರದಂತ್ರೀ."

"ಯಾರಿಗೆ?"

"ಗದ್ದಿಗಿ ಅಜ್ಜಗ್ರೀ."

"ಆತ ಉಸಿರಾಡತಾನೇನು?"

ಕಲ್ಲಿನಾಥ ನಕ್ಕ. "ಐಕ್ಯ ಆಗಿ ಇನ್ನೂರು ವರ್ಷಾತಲ್ರೀ."

"ಹಂಗಾದರ ವಿಚಾರ ಮಾಡು."

ಅಷ್ಟು ಹೇಳಿ ಅಜ್ಜ ಕಣ್ಣು ಮುಚ್ಚಿದರು.

ಕಲ್ಲಿನಾಥ ಎರಡು ದಿನ ವಿಚಾರ ಮಾಡಿದ. ಆ ಎರಡು ದಿನವೂ ಅವನಿಗೆ ಮೂಗು ಸೋರುವ ನೆಗಡಿ. ಎಡೆಯ ಬಟ್ಟೆಯೊಳಗೇ ಸೀನುತ್ತ ವಿಚಾರ ಮಾಡಿದ.

ಮೂರನೆಯ ದಿನ ಹೊಳೆಯಿತು. ಉಸಿರೇ ಇಲ್ಲದವನ ಮುಂದೆ ಬಟ್ಟೆ ಯಾಕೆ ಎಂದರೆ ಬಟ್ಟೆ ಬರೀ ರೂಢಿ ಎಂದಾಯಿತು. ಗದ್ದುಗೆಯ ಬಟ್ಟೆಗೇ ಅರ್ಥವಿಲ್ಲ ಎಂದ ಮೇಲೆ ಫಕೀರವ್ವನ ಮಾಸ್ಕಿಗೆ ಎಲ್ಲಿಯ ಅರ್ಥ? ಅಜ್ಜ ಬಿಚ್ಚಿಸು ಎಂದೇ ಹೇಳಿದ್ದಾರೆ. ಹನ್ನೆರಡು ವರ್ಷಕ್ಕೆ ತನಗೂ ಒಂದು ಒಗಟು ಒಡೆಯಲು ಬಂತಲ್ಲ ಎಂದು ಅವನು ಹಿಗ್ಗಿದ.

ಆದರೂ ತನ್ನ ಬಟ್ಟೆ ಬಿಡುವ ಧೈರ್ಯ ಅವನಿಗೆ ಬರಲಿಲ್ಲ. ಆ ದಿನವೂ ಕಟ್ಟಿಕೊಂಡೇ ಎಡೆ ಮಾಡಿ ಗದ್ದುಗೆಗೆ ಒಪ್ಪಿಸಿದ. ಆಮೇಲೆ ಬಟ್ಟೆಯನ್ನು ಕೊರಳಿಗೆ ಇಳಿಸಿಕೊಂಡು ಪಂಗತಿಗೆ ಬಂದ.

ಅಂದು ಅಮಾವಾಸ್ಯೆ. ಮುನ್ನೂರು ಜನ ತಾಟು ಹಿಡಿದು ಕೂತಿದ್ದರು. ಆ ತುದಿಯಲ್ಲಿ ಮಣೆಯ ಮೇಲೆ ಬೂದಯ್ಯಜ್ಜ. ಫಕೀರವ್ವ ರೊಟ್ಟಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನೀಡುತ್ತ ಬರುತ್ತಿದ್ದಳು.

ಕಲ್ಲಿನಾಥ ಅವಳ ಎದುರು ನಿಂತ.

"ಫಕೀರವ್ವ, ಬಿಚ್ಚು. ಅಜ್ಜಾರ ಮಾತಾಗೇತಿ."

"ಅಪ್ಪಾರ, ನಿಮಗ ನೆಗಡಿ ಆಗೇತಿ. ಸ್ವಲ್ಪ ದೂರ ನಿಂದರ್ರಿ," ಎಂದಳು ಅವಳು ಮೆಲ್ಲಗೆ.

ಮುನ್ನೂರು ಜನರ ಮುಂದೆ ಆ ಮಾತು. ಕಲ್ಲಿನಾಥನ ಮುಖ ಕೆಂಪಾಯಿತು.

"ಬಿಚ್ಚತೀಯೋ, ಇಲ್ಲಾ ನಾಳಿಂದ ರೊಟ್ಟಿ ಬಡಿಯಾಕ ಬ್ಯಾರೆಯವರನ್ನ ನೋಡಲ್ಯೋ?"

ಫಕೀರವ್ವ ಪಂಗತಿಯ ಆ ತುದಿಗೆ ನೋಡಿದಳು. ಅಜ್ಜ ಇತ್ತಲೇ ನೋಡುತ್ತಿದ್ದರು. ಅವಳು ಕಾದಳು. ಅಜ್ಜ ಏನೂ ಹೇಳಲಿಲ್ಲ.

ಮೌನ ಸಮ್ಮತಿ ಎಂಬ ಮಾತನ್ನು ಯಾರು ಕಟ್ಟಿದರೋ, ಅವರು ಹೀಗೆ ನಿಂತು ಕಾದವರಲ್ಲ.

ಫಕೀರವ್ವ ಬುಟ್ಟಿ ಕೆಳಗಿಟ್ಟು ಮಾಸ್ಕ್ ಬಿಚ್ಚಿದಳು. ಕಟ್ಟಿ ಕಟ್ಟಿ ಕಿವಿಯ ಹಿಂದೆ ಕಪ್ಪು ಬರೆ ಬಿದ್ದಿತ್ತು.

"ಹಿಂಗ ಇರಬೇಕು. ಎಷ್ಟು ಚೆಂದ ಕಾಣಸ್ತಿ ನೋಡು," ಎಂದ ಯಾರೋ. ಪಂಗತಿ ನಕ್ಕಿತು. ಕಲ್ಲಿನಾಥನೂ ನಕ್ಕ. ನಗುತ್ತಲೇ ಅಲ್ಲೇ ಎರಡು ಸಲ ಸೀನಿದ.

ಆರು ದಿನ ಅವಳು ಬಂದಳು, ಬರಿಮುಖದಲ್ಲೇ. ಆಮೇಲೆ ಬರಲಿಲ್ಲ.

ರೊಟ್ಟಿಗೆ ಬೇರೆಯವರನ್ನು ಹಚ್ಚಿದ ಕಲ್ಲಿನಾಥ, ಹೆಂಗಸಿಗೆ ಸೊಕ್ಕು ಬಂತು ಎಂದುಕೊಂಡ.

ಅವಳು ಬರುವುದು ಬಿಟ್ಟ ಹದಿನೈದನೆಯ ದಿನ ದೋಣಿಯ ದ್ಯಾವಪ್ಪ ಸುದ್ದಿ ತಂದ. ಮೊದಲು ತಾಯಿಗೆ ನೆಗಡಿ ಕೆಮ್ಮು. ಎರಡು ದಿನಕ್ಕೆ ಮಗಳಿಗೆ. ಜಿಲ್ಲಾ ಆಸ್ಪತ್ರೆಯಲ್ಲಿ ಒಂಬತ್ತು ದಿನ. ನಿನ್ನೆ ಹೊತ್ತು ಮುಳುಗುವ ಮೊದಲು ಹುಡುಗಿಯನ್ನು ಮಣ್ಣು ಮಾಡಿದರು.

ಪಂಗತಿಯ ಜನ ಲೊಚಗುಟ್ಟಿದರು. ಹಣೆಬರಹ ಎಂದರು. ಹುಗ್ಗಿ ಇನ್ನೂ ಯಾಕೆ ಬಡಿಸಿಲ್ಲ ಎಂದೂ ಅವರೇ ಕೇಳಿದರು.

ಕಲ್ಲಿನಾಥನ ಕೈಯಲ್ಲಿ ಎಡೆಯ ತಾಟು ಇತ್ತು. ಬೂದಯ್ಯಜ್ಜ ಮಣೆಯಿಂದ ಎದ್ದು ಬಂದರು.

"ಇವತ್ತ ಎಡಿ ಗದ್ದಿಗಿಗೆ ಬ್ಯಾಡ. ಆಕಿ ಮನಿಗೆ ಒಯ್ಯಿ."

ಇನ್ನೂರು ವರ್ಷದಲ್ಲಿ ಎಡೆ ಗದ್ದುಗೆ ತಪ್ಪಿಸಿದ್ದಿಲ್ಲ. ಕಲ್ಲಿನಾಥ ಬಾಯಿಯ ಬಟ್ಟೆ ಬಿಗಿ ಮಾಡಿಕೊಂಡು ನಡೆದ.

ಫಕೀರವ್ವ ಹೊಸ್ತಿಲ ಮೇಲೆ ಕೂತಿದ್ದಳು. ಬಾಗಿಲ ಪಕ್ಕದ ಹಗ್ಗಕ್ಕೆ ಒಗೆದು ಹಾಕಿದ ಮಾಸ್ಕುಗಳು, ತಾಯಿಯವು ಮೂರು, ಮಗಳವು ಮೂರು. ಯಾರೂ ತೆಗೆದಿಟ್ಟಿರಲಿಲ್ಲ.

"ಅವ್ವಾ, ಎಡಿ ತಂದೇನಿ."

ಅವಳು ತಲೆಯೆತ್ತಿದಳು. ಇಷ್ಟು ವರ್ಷ ಅಪ್ಪಾರ ಎಂದು ಕರೆದವಳು ಅವತ್ತು ಹಾಗೆ ಕರೆಯಲಿಲ್ಲ.

"ಅಲ್ಲಿಡು ತಮ್ಮಾ. ಅನ್ನದ ಮ್ಯಾಲ ನನಗ ಸಿಟ್ಟಿಲ್ಲ."

ಅವನು ಇಟ್ಟ. ಏನು ಮಾಡಬೇಕೆಂದು ತೋಚದೆ ಹಗ್ಗದ ಮೇಲಿನ ಒಂದು ಮಾಸ್ಕ್ ತೆಗೆದು ಅವಳ ಮುಂದೆ ಹಿಡಿದ.

"ಕಟ್ಟಕೋ ಅವ್ವಾ. ನಾಳಿಂದ ಕಟ್ಟಕೊಂಡ ಬಾ. ಯಾರೂ ಏನೂ ಅನ್ನದಂಗ ನಾ ನೋಡಕೋತೇನಿ."

ಅವಳು ಅದನ್ನು ಇಸಿದುಕೊಂಡು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಅದು ಮಗಳದಾಗಿತ್ತು.

"ಇನ್ನ ಯಾರ ಸಲುವಾಗಿ ಕಟ್ಟಕೊಳ್ಳಲಿ?"

ಅವಳೇ ಮುಂದುವರಿಸಿದಳು.

"ನಿನ್ನಿಂದನ ಬಂತು ಅನ್ನಂಗಿಲ್ಲ ತಮ್ಮಾ. ಪಂಗತಿಯಾಗ ಮುನ್ನೂರು ಮಂದಿ ಇದ್ದರು, ಯಾರಿಂದ ಬಂತೋ. ನನಗ ಅಷ್ಟ ಗೊತ್ತು, ಅವತ್ತ ನಾ ಬಿಚ್ಚಿದ್ನಿ. ನಿನ್ನ ಮಾತಿಗೆ ಬಿಚ್ಚಿದ್ದಿಲ್ಲ. ಅಜ್ಜಾರ ಮಾರಿ ನೋಡಿದ್ನಿ. ಅವರು ಬ್ಯಾಡ ಅನ್ನಲಿಲ್ಲ."

ಅವನು ಬಂದ ದಾರಿಯಲ್ಲೇ ಮರಳಿದ.

ಅಜ್ಜ ಹೊಳೆಯ ಮೆಟ್ಟಿಲ ಮೇಲಿದ್ದರು. ಅಂದು ಕಾಲು ನೀರಿಗೆ ಬಿಟ್ಟಿರಲಿಲ್ಲ. ಕಲ್ಲಿನಾಥ ಎರಡು ಮೆಟ್ಟಿಲು ಕೆಳಗೆ ಕೂತು, ನಡೆದದ್ದನ್ನೆಲ್ಲ ಹೇಳಿದ. ಅವಳ ಕೊನೆಯ ಮಾತನ್ನೂ ಬಿಡದೆ ಹೇಳಿದ.

"ಅಜ್ಜಾರ, ನಾ ಜೀವಮಾನ ಪೂರಾ ಬಾಯಿಗೆ ಅರಿವಿ ಕಟ್ಟಕೊಂಡ ಇರತೇನ್ರಿ. ಮಲಗುವಾಗಲೂ ಬಿಚ್ಚಂಗಿಲ್ಲ. ಅದ ನನ್ನ ಪ್ರಾಯಶ್ಚಿತ್ತ."

"ಕಟ್ಟಕೋ. ಒಂದ ವರ್ಷಕ್ಕ ಮಂದಿ ಅದನ್ನೂ ರೂಢಿ ಮಾಡತಾರ. ಗದ್ದಿಗಿಗೆ ಬರವರೆಲ್ಲಾ ಕಟ್ಟಕೊಂಡ ಬರತಾರ. ಯಾಕಂತ ಯಾರೂ ಕೇಳಂಗಿಲ್ಲ."

ಹೊಳೆ ಹರಿಯುತ್ತಿತ್ತು. ಕಲ್ಲಿನಾಥ ಅಜ್ಜನತ್ತ ತಿರುಗಿದ. ಹನ್ನೆರಡು ವರ್ಷದಲ್ಲಿ ಗುರುಗಳ ಮುಂದೆ ಅವನು ದನಿ ಏರಿಸಿದ್ದು ಅದೇ ಮೊದಲು.

"ಆವತ್ತ ನೀವು ನನಗ ಏನು ಹೇಳಿದ್ರಿ ಅಜ್ಜಾರ? ಆತ ಉಸಿರಾಡತಾನೇನು ಅಂತ ಕೇಳಿದ್ರಿ. ಅದರ ಅರ್ಥ ಏನಿತ್ತು?"

"ಉಸಿರಿಲ್ಲದಾತನ ಸಲುವಾಗಿ ನೀ ಹನ್ನೆರಡು ವರ್ಷ ಕಟ್ಟಿದಿ. ಉಸಿರಿದ್ದಾಕಿ ಸಲುವಾಗಿ ಆಕಿ ಕಟ್ಟಿದ್ದಳು. ನಿನ್ನ ಅರಿವಿಗಿಂತ ಆಕಿ ಅರಿವಿ ದೊಡ್ಡದು ಅಂತಿತ್ತು."

ಕಲ್ಲಿನಾಥ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಕೇಳಿದ.

"ನನಗ ತಿಳೀಲಿಲ್ಲ. ನಾ ದಡ್ಡ, ಅದು ನಿಮಗ ಗೊತ್ತಿತ್ತು. ಆಕಿ ನಿಮ್ಮ ಕಡೆ ನೋಡಿದಾಗರ ನೀವ್ಯಾಕ ಬಾಯಿ ಬಿಡಲಿಲ್ಲ?"

"ಇನ್ನೇನು ತಿಳಕೋತಾನ, ತಾನ ತಿಳಕೊಳ್ಳಲಿ ಅಂತ ಕಾದೆ."

ಅಜ್ಜ ಎರಡು ಮೆಟ್ಟಿಲು ಇಳಿದು ಕಲ್ಲಿನಾಥನ ಪಕ್ಕ ಕೂತರು.

"ಆ ಹೆಣ್ಮಗಳಿಗೆ ಬೇಕಾಗಿದ್ದು ಒಂದ ಮಾತು, 'ಆಕಿನ್ನ ಬಿಡೋ' ಅಂತ. ನಾ ಅವತ್ತೂ ನಿನಗ ಪಾಠ ಹೇಳಕೋತ ಕೂತಿದ್ದೆ."