ತವರಿನ ಬೆಕ್ಕಿನ ಬಣ್ಣ

“ಗುರುಗಳೇ, ನನ್ನ ತಾಯಿಯ ಮುಖ ನನಗೆ ಮರೆತುಹೋಗಿದೆ. ಇದು ವೈರಾಗ್ಯವೋ, ಪಾಪವೋ?” ಎಂದು ಶಿಷ್ಯ ಕೇಳಿದ.

ಏಳನೆಯ ವಯಸ್ಸಿನಲ್ಲಿ ಮಠಕ್ಕೆ ಬಂದವನು ಅವನು. ಬಂದ ಆರೇ ತಿಂಗಳಿಗೆ ತಾಯಿ ತೀರಿಕೊಂಡಿದ್ದಳು. ಈಗ ಅವನಿಗೆ ಮೂವತ್ತು ದಾಟಿತ್ತು. ಮೂರು ದಿನಗಳಿಂದ ಜಪಕ್ಕೆ ಕುಳಿತಾಗಲೆಲ್ಲ ಆ ಮುಖವನ್ನೇ ಹುಡುಕುತ್ತಿದ್ದ. ಸಿಕ್ಕಿರಲಿಲ್ಲ. ಪಾಪವೇ ಆಗಿದ್ದರೆ ಕಾವಿ ಬಿಚ್ಚಿಟ್ಟು ಹೊರಟುಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಹೊಳೆಯ ದಡದಲ್ಲಿ ಬಣ್ಣಗಾರರ ಊರೊಂದಿತ್ತು. ಬಟ್ಟೆಗೆ ಹಾಕಿದ ಗಂಜಿಯ ವಾಸನೆ ಹಿಡಿದು ಅಲ್ಲಿಗೆ ಇಲಿಗಳು ಬರುವವು. ಇಲಿಗಳಿಂದ ಬಟ್ಟೆಯನ್ನು ಬೆಕ್ಕುಗಳು ಕಾಯುವವು. ಆದ್ದರಿಂದ ಅವರಲ್ಲಿ ಒಂದು ಪದ್ಧತಿ. ವರ್ಷದ ಕೆಲಸ ಮುಗಿದ ಮೇಲೆ ಬಾನಿಗಳ ತಳದಲ್ಲಿ ಉಳಿದ ಬಣ್ಣವನ್ನು ಯಾರೂ ಹೊಳೆಗೆ ಚೆಲ್ಲುವಂತಿಲ್ಲ. ಅದು ಬೆಕ್ಕಿನ ಪಾಲು. ಹಿರಿಯನೊಬ್ಬ ಮರದ ಅಚ್ಚಿನಿಂದ ಬಟ್ಟೆಯ ತುಂಡುಗಳ ಮೇಲೆ ಬೆಕ್ಕಿನ ಗೆರೆಯನ್ನಷ್ಟೇ ಒತ್ತಿ ಮನೆಮನೆಗೆ ಹಂಚುವನು. ಮಕ್ಕಳು, ಹೆಂಗಸರು, ಹಲ್ಲುದುರಿದ ಮುದುಕರು ಎಲ್ಲರೂ ಚಿಪ್ಪುಗಳಲ್ಲಿ ಬಣ್ಣ ಇಟ್ಟುಕೊಂಡು ಅದನ್ನು ತುಂಬುತ್ತಾ ಕೂರುವರು. ಆ ಒಂದು ವಾರ ಊರಿನಲ್ಲಿ ಬೇರೆ ಕೆಲಸವಿಲ್ಲ. ಹಗ್ಗಗಳ ಮೇಲೆ ನೀಲಿ ಬೆಕ್ಕು, ಹಳದಿ ಬೆಕ್ಕು, ಮಂಜಿಷ್ಠೆಯ ಕೆಂಪು ಬೆಕ್ಕು ಒಣಗುತ್ತಿರುವವು. ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಎಲ್ಲಿಗೋ ಹೊರಟಂತೆ ಕಾಣುವವು.

ಆ ಊರಿಗೆ ಬಹಳ ದೂರದಿಂದ ಒಬ್ಬಳು ಸೊಸೆಯಾಗಿ ಬಂದಳು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದವಳು. ಮೊದಲ ವರ್ಷ ಅವಳ ಕೈಗೂ ಒಂದು ತುಂಡು ಕೊಟ್ಟು, “ನಿನ್ನ ತವರಿನಲ್ಲಿ ಬೆಕ್ಕಿತ್ತೇನಮ್ಮಾ?” ಎಂದು ಕೇಳಿದರು. ಅವಳಿಗೆ ತವರಿನದೆಂದು ಉಳಿದಿದ್ದ ನೆನಪು ಒಂದೇ. ಹೊಸ್ತಿಲ ಮೇಲೆ ತಾನು ಕುಳಿತಿದ್ದೇನೆ. ಬೆನ್ನಿಗೆ ಒತ್ತಿಕೊಂಡು ಏನೋ ಬೆಚ್ಚಗಿದೆ. ಕಿವಿಯ ಹಿಂದೆಯೇ ಸಣ್ಣಗೆ ಗೊರಗೊರ ಸದ್ದು. ತಾಯಿಯ ಮುಖವೂ ಇಲ್ಲ, ಮನೆಯ ಗೋಡೆಯೂ ಇಲ್ಲ. ಅವಳು, “ಇತ್ತು” ಎಂದಳು.

ಆ ವರ್ಷ ಬೂದುಬಣ್ಣ ತುಂಬಿದಳು. ಒಣಗಿದ ಮೇಲೆ ನೋಡಿದರೆ ಅದು ತನ್ನ ಬೆಕ್ಕಲ್ಲ ಎನ್ನಿಸಿತು. ಮರುವರ್ಷ ಕೆಂಪು ಹಚ್ಚಿದಳು. ಅದೂ ಅಲ್ಲ. ಬೆಕ್ಕಿನ ಬಣ್ಣ ಸರಿಯಾಗಿ ನೆನಪಿಗೆ ಬಂದುಬಿಟ್ಟರೆ ಅದರ ಹಿಂದಿನಿಂದ ಹೊಸ್ತಿಲು, ಬಾಗಿಲು, ಬಾಗಿಲಲ್ಲಿ ನಿಂತ ತಾಯಿ ಎಲ್ಲವೂ ಒಂದೊಂದಾಗಿ ಬರುವುದೆಂದು ಅವಳು ನಂಬಿದ್ದಳು. ನೆನಪಿಗೆ ಬಾರದಿದ್ದರೆ ತನಗೆ ತವರೇ ಇರಲಿಲ್ಲವೆಂದು ಹೆದರಿದ್ದಳು. ಹೀಗೆ ಮೂವತ್ತು ವರ್ಷ ಕಳೆಯಿತು.

ಪಕ್ಕದ ಮನೆಯ ಹುಡುಗಿ ತಮಾಷೆ ಮಾಡುವಳು, “ಅತ್ತೆ, ಹೋದ ವರ್ಷ ಹಳದಿ, ಈ ವರ್ಷ ಚುಕ್ಕೆ. ನಿಮ್ಮ ತವರಿನ ಬೆಕ್ಕು ದಿನಾ ಓಕುಳಿ ಆಡಿ ಬರುತ್ತಿತ್ತೇ?”

“ಆಡುತ್ತಿತ್ತು ಕಣೇ. ನಿನ್ನ ಹಾಗೆ ಬಾಯಿ ಮಾತ್ರ ಮಾಡುತ್ತಿರಲಿಲ್ಲ.”

ಮೂವತ್ತೊಂದನೆಯ ವರ್ಷ ಬಣ್ಣ ತುಂಬುವ ವಾರದಲ್ಲೇ ನೂಲಿನ ವ್ಯಾಪಾರಿಯೊಬ್ಬ ಆ ಊರಿಗೆ ಬಂದ. ಮುದುಕ. ಮಾತಿನ ನಡುವೆ ಅವನು ಅವಳ ತವರೂರಿನವನೇ ಎಂದು ತಿಳಿಯಿತು. ಪ್ರಾಯದಲ್ಲಿ ಅವಳ ತವರುಮನೆಯ ಜಗಲಿಯ ಮೇಲೆ ಗಂಟು ಇಳಿಸುತ್ತಿದ್ದವನು. ಅವಳು ಒಳಗೆ ಓಡಿ, ವರ್ಷವರ್ಷದ ತುಂಡುಗಳನ್ನು ಕೂಡಿಟ್ಟಿದ್ದ ಪೆಟ್ಟಿಗೆ ತಂದಳು. ಮೂವತ್ತು ಬೆಕ್ಕುಗಳನ್ನೂ ಅವನ ಮುಂದೆ ಹಾಸಿದಳು.

“ಅಣ್ಣಾ, ಇದರಲ್ಲಿ ನಮ್ಮ ಮನೆಯ ಬೆಕ್ಕು ಯಾವುದು?”

ವ್ಯಾಪಾರಿ ಒಂದೊಂದನ್ನೂ ನೋಡಿದ. “ತಂಗೀ, ನಿಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ನಿನ್ನ ತಂದೆ ಪಾರಿವಾಳ ಸಾಕಿದ್ದರು. ಬೆಕ್ಕು ಕಂಡರೆ ಕೋಲು ಹಿಡಿದು ಬೀದಿಯ ಕೊನೆಯವರೆಗೂ ಓಡಿಸಿಕೊಂಡು ಹೋಗುವರು” ಎಂದ.

“ಹಾಗಾದರೆ ಹೊಸ್ತಿಲ ಮೇಲೆ ನನ್ನ ಬೆನ್ನಿಗೆ ಒತ್ತಿಕೊಂಡು ಗೊರಗೊರ ಎನ್ನುತ್ತಿದ್ದುದು ಯಾವುದು?”

“ಅದೋ? ನಿನ್ನ ತಾಯಿ ನಿನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ಬಾಚುವಷ್ಟು ಹೊತ್ತೂ ಬಾಯಿ ಮುಚ್ಚಿಕೊಂಡೇ ಏನೋ ಗುನುಗುವರು. ಜಡೆ ಮುಗಿಯುವ ತನಕ ಎದ್ದವರಲ್ಲ. ನನಗೆ ಬಾಯಾರಿ ಗಂಟಲು ಒಣಗಿದರೂ ಮಜ್ಜಿಗೆ ಸಿಗುತ್ತಿರಲಿಲ್ಲ. ಅದಕ್ಕೇ ನನಗೆ ನೆನಪು.”

ಅವಳು ತುಂಡುಗಳನ್ನು ಒಂದರ ಮೇಲೊಂದು ಮಡಿಸಿ ಇಟ್ಟಳು. ಬಹಳ ಹೊತ್ತು ಹಿಡಿಯಿತು. ವ್ಯಾಪಾರಿಗೆ ಮೊದಲು ಮಜ್ಜಿಗೆ ಕೊಟ್ಟು, ಆ ವರ್ಷದ ಖಾಲಿ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಅಂಗಳದಲ್ಲಿ ಕುಳಿತಳು. ಪಕ್ಕದ ಮನೆಯ ಹುಡುಗಿ ಚಿಪ್ಪುಗಳನ್ನು ಮುಂದೆ ಸರಿಸಿ, “ಈ ವರ್ಷ ಯಾವ ಬಣ್ಣ ಅತ್ತೆ?” ಎಂದು ಕೇಳಿದಳು.

“ನಿನ್ನ ಕೈಗೆ ಸಿಕ್ಕಿದ್ದು ಕೊಡೇ” ಎಂದಳು ಅವಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಕತೆ ಮುಂದೆ ಹೋಗಲಿಲ್ಲ. ಕೊನೆಗೆ ತಾನೇ ಕೇಳಿದ, “ಆಮೇಲಾದರೂ ಅವಳಿಗೆ ತಾಯಿಯ ಮುಖ ನೆನಪಾಯಿತೇ?”

“ಇಲ್ಲ” ಎಂದರು ಗುರುಗಳು.

ಶಿಷ್ಯ ತಲೆ ತಗ್ಗಿಸಿದ. ಕಾವಿಯ ಅಂಚನ್ನು ಬೆರಳುಗಳಲ್ಲಿ ಹಿಡಿದುಕೊಂಡೇ ಇದ್ದ. ಗುರುಗಳು ಎದ್ದು ನಿಂತು ಹೇಳಿದರು:

“ಬೆಳಗಾಗೆದ್ದು ಅಂಗಳ ಗುಡಿಸುವಾಗ ನೀನು ಗುನುಗುತ್ತೀಯಲ್ಲ, ಆ ರಾಗವನ್ನು ಈ ಮಠದಲ್ಲಿ ಯಾರೂ ನಿನಗೆ ಕಲಿಸಿಲ್ಲ.”