ಕಲ್ಲಿನ ಮೇಲೆ ಬಾಗಿದ ಚಳಿಹೂವು

"ಕೇಳ್ರಪ್ಪೋ, ದೊರೆ ವಜ್ರಕೇತು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನು ಕೇಳಿದ್ದನ್ನು ಕೊಡುತ್ತಾರೆ. ತಪ್ಪಿದವನ ತಲೆ ಅಂಗಳದ ಕಲ್ಲಿನ ಮೇಲೆ. ಆ ಕಲ್ಲಿನ ಮೇಲಿಟ್ಟ ತಲೆ, ಯಾರದ್ದೇ ಆಗಲಿ, ಮತ್ತೆ ಏಳಕೂಡದು!"

ಹೀಗೆ ಡಂಗುರ ಸಾರಿದ್ದು ಮಂಜು ಬೀಳುವ ಬೆಟ್ಟದ ರಾಜ್ಯದಲ್ಲಿ. ಚಳಿಗಾಲದಲ್ಲಿ ದೊರೆಗೆ ಹೊತ್ತು ಹೋಗುತ್ತಿರಲಿಲ್ಲ, ಅದಕ್ಕೇ ಈ ಆಟ. ತಪ್ಪಿದವರನ್ನು ಅಂಗಾತ ಮಲಗಿಸುತ್ತಿದ್ದ, ಕತ್ತಿ ಇಳಿಯುವುದು ಕಣ್ಣಿಗೆ ಕಾಣಲಿ ಅಂತ. ಎಂಥ ಪಾಪಿ ನೋಡಿ.

ಕಂಬಳಿ ನೇಯುವ ಸಣ್ಣಬೀರ ಗುಂಪಿನಲ್ಲಿ ನಿಂತಿದ್ದ. ಒಗಟು ಬಿಡಿಸಿ ಊರಿನ ಬಿಟ್ಟಿ ಚಾಕರಿ ತಪ್ಪಿಸಲು ಬಂದ ಅವನ ಅಣ್ಣ ಹಾಲಪ್ಪನ ತಲೆ ಹಿಂದಿನ ದಿನವಷ್ಟೇ ಹೋಗಿತ್ತು. ಆದರೆ ಕತ್ತಿ ಎತ್ತಿದಾಗ ಅಣ್ಣ ಮೇಲೆ ನೋಡಿ ನಕ್ಕಿದ್ದ. ಯಾಕೆ ನಕ್ಕ? ಈವತ್ತು ಬೆಳಿಗ್ಗೆ ಸಣ್ಣಬೀರ ಕಲ್ಲಿನ ಪಕ್ಕ ಕೂತು ತಾನೂ ಮೇಲೆ ನೋಡಿದ. ಆಗ ಗೊತ್ತಾಯಿತು.

"ಮೈಮೇಲಿನದೆಲ್ಲ ಉದುರಿದ ಮೇಲೆ, ಎಲ್ಲರೂ ಹೊದ್ದು ಮಲಗುವ ಕಾಲದಲ್ಲಿ ಸಿಂಗಾರವಾಗುವವಳು ಯಾರು?" ದೊರೆ ಹಿಂದಿನ ದಿನದ ಒಗಟುಗಳನ್ನೇ ಮತ್ತೆ ಕೇಳಿದ. "ಹೋದ ವರ್ಷದ ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಮದುಮಗಳಾಗುವವಳು ಯಾರು? ಕೈಯಿಲ್ಲದೆ ಮಕ್ಕಳನ್ನು ಅಂಗಳದಾಚೆ ಎಸೆಯುವವಳು ಯಾರು?"

ಸೇನಾಪತಿಯ ಮಗ, "ಬೆಳದಿಂಗಳು, ಕೋತಿ, ಕವಣೆ," ಅಂದ. ತಲೆ ಹೋಯಿತು. ಆಸ್ಥಾನದ ಜೋಯಿಸ, "ಭೂಮಿ, ಹಸು, ಬಿರುಗಾಳಿ," ಅಂದ. ಅವನದ್ದೂ ಹೋಯಿತು. ಮೂರು ಒಗಟು ಅಂದರೆ ಮೂರು ಉತ್ತರ ಅಂದುಕೊಂಡೇ ಸತ್ತರು, ಪಾಪ.

"ಮೂರಕ್ಕೂ ಒಂದೇ ಉತ್ತರ, ಬುದ್ಧಿ," ಅಂದ ಸಣ್ಣಬೀರ. "ಕಲ್ಲಿನ ಮೇಲೆ ಬಾಗಿರೋ ಆ ಚಳಿಹೂವಿನ ಗಿಡ. ಎಲೆಯೆಲ್ಲ ಉದುರಿದ ಮೇಲೆ, ಮಂಜಿನಲ್ಲಿ ಹೂ ಬಿಡುತ್ತೆ. ನೂಲಿನ ಎಳೆಯಂಥ ಹಳದಿ ಎಸಳು, ಚಳಿ ಹೆಚ್ಚಿದರೆ ಸುರುಳಿ ಸುತ್ತಿಕೊಳ್ಳುತ್ತೆ, ಬಿಸಿಲಿಗೆ ಬಿಚ್ಚಿಕೊಳ್ಳುತ್ತೆ. ಹೋದ ವರ್ಷದ ಕಾಯಿ ಹೂವಿನ ಪಕ್ಕದಲ್ಲೇ ಇರುತ್ತೆ. ಒಣಗಿದರೆ ಚಟ್ಟನೆ ಸಿಡಿದು ಬೀಜವನ್ನು ದೂರ ಹಾರಿಸುತ್ತೆ. ನಮ್ಮಣ್ಣನಿಗೂ ಗೊತ್ತಾಯಿತು, ಮಲಗಿದ ಮೇಲೆ."

ದೊರೆಯ ಮುಖ ಹುಳ್ಳಗಾಯಿತು. "ಏನು ಬೇಕೋ ಕೇಳು."

"ತಾವೂ ಒಂದು ಸಲ ಅಲ್ಲಿ ಮಲಗಿ ಮೇಲೆ ನೋಡಬೇಕು. ಅಣ್ಣ ಕಂಡದ್ದನ್ನು ತಾವೂ ಕಾಣಬೇಕು."

"ಇಷ್ಟೇನಾ? ಅರ್ಧ ರಾಜ್ಯ ಕೇಳಬಹುದಿತ್ತಲ್ಲೋ, ದಡ್ಡ," ಅಂತ ದೊರೆ ನಕ್ಕ. ಕಿರೀಟ ತೆಗೆದಿಟ್ಟು, ಕಲ್ಲಿನ ಮೇಲೆ ತಲೆಯಿಟ್ಟು ಅಂಗಾತ ಮಲಗಿದ. ಡಂಗುರದ ಮಾತು ಎಲ್ಲರಿಗೂ ನೆನಪಿತ್ತು. ಎಲ್ಲರೂ ಕತ್ತಿ ಹಿಡಿದವನ ಕಡೆ ನೋಡಿದರು.

"ಚೆಂದವಾಗೇ ಇದೆ," ಅಂದ ದೊರೆ. ಏಳಲು ಹೋದ.

ತಲೆ ಕಡಿಯುವ ಮಾರ ಅವನ ಎದೆಯ ಮೇಲೆ ಕಾಲಿಟ್ಟ. "ಕಲ್ಲಿನ ಮೇಲಿಟ್ಟ ತಲೆ ಏಳಕೂಡದು ಅಂತ ತಾವೇ ಹೇಳಿದ್ದು, ಬುದ್ಧಿ," ಅಂತ ಕತ್ತಿ ಎತ್ತಿದ.

ಜನ ಕಿರೀಟ ಒರೆಸಿ ತಂದು ಸಣ್ಣಬೀರನ ತಲೆಗಿಟ್ಟರು. ಅವನು ಮೊದಲು ಬಿಟ್ಟಿ ಚಾಕರಿ ನಿಲ್ಲಿಸಿದ. ಆಮೇಲೆ ಕೋಟೆಬಾಗಿಲಿಗೆ ತೂಗುಹಾಕಿದ್ದ ಅಣ್ಣನ ತಲೆಯನ್ನು ಇಳಿಸಿ, ತಾನೇ ನೇಯ್ದ ಕಂಬಳಿಯಲ್ಲಿ ಸುತ್ತಿ, ಬಿಕ್ಕಿ ಬಿಕ್ಕಿ ಅತ್ತ.

"ಈ ಕಲ್ಲು ಕಿತ್ತು ಬಿಸಾಕಲಾ, ಬುದ್ಧಿ?" ಮಾರ ಕೇಳಿದ.

ಸಣ್ಣಬೀರ ಕಣ್ಣೊರೆಸಿಕೊಂಡು, ತಲೆಯ ಮೇಲಿನ ಕಿರೀಟ ಸರಿಮಾಡಿಕೊಂಡ.

"ಇರಲಿ ಬಿಡು," ಅಂದ.